ನೂಲಿನ ಹೂವು, ಬಿಡುವಿನ ಕೆಲಸ

ಕಳೆದ ವರ್ಷ ಹೈದರಾಬಾದಿನಲ್ಲಿ ಸಹೋದ್ಯೋಗಿಯೊಬ್ಬಳ ಮಗುವಿನ ನಾಮಕರಣಕ್ಕೆ ಹೋಗಿದ್ದೆ. ತೊಟ್ಟಿಲಲ್ಲಿ ಮಲಗಿದ್ದ ಕೂಸಿನ ತಲೆಗೆ ಕೆನೆಬಣ್ಣದ ನೂಲಿನ ಪಟ್ಟಿ. ಪಟ್ಟಿಯ ಒಂದು ಪಕ್ಕಕ್ಕೆ ಬೆರಳುಗುರಿನಷ್ಟು ದೊಡ್ಡ ಮೂರು ಗುಲಾಬಿಗಳು, ಅವಕ್ಕೆ ಒಪ್ಪುವಂತೆ ಎರಡು ಎಲೆ. ನಾನು ಬಗ್ಗಿ ನೋಡುತ್ತಿದ್ದುದನ್ನು ಕಂಡು ಮಗುವಿನ ಅಜ್ಜಿ ತೆಲುಗಿನಲ್ಲಿ ಹೇಳಿದರು: 'ನಮ್ಮ ನರಸಾಪುರದ ಕಡೆಯ ಕೆಲಸ ಅದು. ನಮ್ಮಲ್ಲಿ ಮನೆಮನೆಯಲ್ಲೂ ಹೆಣೆಯುತ್ತಾರೆ, ಖಾಲಿ ಕೂತಿದ್ದಾಗ.'

ಆ ಕೊನೆಯ ಮಾತು ನನಗೆ ಹೊಸದಲ್ಲ. ದಾವಣಗೆರೆಯ ನಮ್ಮ ಮನೆಯಲ್ಲಿ ಟೀವಿಗೆ, ರೇಡಿಯೋಗೆ, ದೇವರ ಮಂಟಪದ ಬಾಗಿಲಿಗೆ ಅಮ್ಮ ಹೆಣೆದ ಕ್ರೋಶಾ ಹೊದಿಕೆಗಳಿದ್ದವು. ಬಂದವರು ಹೊಗಳಿದರೆ ಅವಳದೂ ಅದೇ ಉತ್ತರ: 'ಅಯ್ಯೋ, ಸುಮ್ನೆ ಕೂತಾಗ ಮಾಡಿದ್ದು.' ಗೋದಾವರಿಯ ದಡದ ಅಜ್ಜಿಯೂ ಮಧ್ಯ ಕರ್ನಾಟಕದ ನನ್ನ ಅಮ್ಮನೂ ಒಂದೇ ಮಾತನ್ನು ಕಲಿತದ್ದು ಎಲ್ಲಿಂದ? ಈ ಪ್ರಶ್ನೆ ಹಿಡಿದು ಓದುತ್ತಾ ಹೋದಾಗ, ಆ ಪುಟ್ಟ ಗುಲಾಬಿಗೆ ಒಂದು ದೊಡ್ಡ ಬರಗಾಲದ, ಒಂದು ಸಾಮ್ರಾಜ್ಯದ, ಒಂದು ಜಾಗತಿಕ ಮಾರುಕಟ್ಟೆಯ ಚರಿತ್ರೆ ಇರುವುದು ಕಂಡಿತು. ಆ ಚರಿತ್ರೆಯ ಉದ್ದಕ್ಕೂ 'ಬಿಡುವಿನ ಕೆಲಸ' ಎಂಬ ಮಾತು ಬೆನ್ನುಹತ್ತಿ ಬರುತ್ತದೆ.

ಕೊಕ್ಕೆಯ ದಾರಿ

ಕ್ರೋಶಾ ಎಂಬ ನಮ್ಮ ಮನೆಮಾತು ಫ್ರೆಂಚಿನದು. ಚಿಕ್ಕ ಕೊಕ್ಕೆ ಎಂದು ಅದರ ಅರ್ಥ. ಎರಡು ಕಡ್ಡಿಗಳ ಸ್ವೆಟರ್ ಹೆಣಿಗೆಗೂ ಇದಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ಅಲ್ಲಿ ಹತ್ತಾರು ಕುಣಿಕೆಗಳು ಒಟ್ಟಿಗೆ ಕಡ್ಡಿಯ ಮೇಲೆ ಕೂತಿರುತ್ತವೆ. ಇಲ್ಲಿ ಸಾಮಾನ್ಯವಾಗಿ ಕೊಕ್ಕೆಯ ಮೇಲಿರುವುದು ಒಂದೇ ಜೀವಂತ ಕುಣಿಕೆ. ಅದನ್ನು ಮುಗಿಸಿಯೇ ಮುಂದಿನದು. ಹಾಗಾಗಿ ಯಾವ ದಿಕ್ಕಿಗೆ ಬೇಕಾದರೂ ತಿರುಗಬಹುದು, ಸುತ್ತು ಹಾಕಬಹುದು, ಹಿಂದಕ್ಕೆ ಬಂದು ಮತ್ತೊಂದು ಪದರ ಕಟ್ಟಬಹುದು. ಹೂವು ಮಾಡಲು ಇದಕ್ಕಿಂತ ಅನುಕೂಲದ ಹೆಣಿಗೆ ಬೇರೆ ಇಲ್ಲ.

ಕ್ರೋಶಾ ತುಂಬಾ ಪುರಾತನವಾದದ್ದು ಎಂಬ ಭಾವನೆ ವ್ಯಾಪಕವಾಗಿದೆ. ಆದರೆ ಡೆನ್ಮಾರ್ಕಿನ ಸಂಶೋಧಕಿ ಲಿಸ್ ಪಾಲುಡಾನ್ ಯುರೋಪಿನ ಸಂಗ್ರಹಗಳನ್ನು ಜಾಲಾಡಿದಾಗ 1800ಕ್ಕಿಂತ ಹಿಂದಿನ ಗಟ್ಟಿ ಪುರಾವೆ ಸಿಗಲಿಲ್ಲ. ಮುದ್ರಿತ ಮಾದರಿಗಳಲ್ಲಿ ಮೊದಲಿನವು ಎಂದು ಈವರೆಗೆ ಗುರುತಿಸಿರುವುದು 1823ರಲ್ಲಿ 'ಪೆನೆಲೋಪೆ' ಎಂಬ ಡಚ್ ಪತ್ರಿಕೆಯಲ್ಲಿ ಬಂದವು. ಅಂದರೆ ಇದು ನಮ್ಮ ಕಸೂತಿಗಿಂತ ಎಷ್ಟೋ ಕಿರಿಯ ಕಲೆ.

ಇದು ಹುಟ್ಟಿದ್ದು ಹೇಗೆ ಎಂಬುದಕ್ಕೆ ಇರುವ ವಾದಗಳಲ್ಲಿ ಒಂದು ನಮ್ಮ ಕಡೆಗೆ ಕೈಮಾಡುತ್ತದೆ. ಕಚ್ಛ್ ಮತ್ತು ಗುಜರಾತಿನ ಮೋಚಿಗಳು ಚರ್ಮದ ಕೆಲಸದ ಆರಿಯನ್ನೇ ಸಣ್ಣದಾಗಿಸಿ, ಅದರ ಕೊಕ್ಕೆಯಿಂದ ಬಟ್ಟೆಯ ಕೆಳಗಿನ ದಾರವನ್ನು ಮೇಲಕ್ಕೆಳೆದು ಸರಪಳಿ ಹೊಲಿಗೆ ಹಾಕುತ್ತಿದ್ದರು. ಇವತ್ತು ನಮ್ಮ ಹೆಣ್ಣುಮಕ್ಕಳ ಮದುವೆಯ ರವಿಕೆಗೆ ಹಾಕಿಸುವ 'ಆರಿ ವರ್ಕ್' ಇದೇ. ಇಂಥ ಕಸೂತಿಯ ಬಟ್ಟೆಗಳು ಹದಿನೇಳನೆಯ ಶತಮಾನದಲ್ಲಿ ಹಡಗು ಹತ್ತಿ ಯುರೋಪಿಗೆ ಹೋದವು. ಹದಿನೆಂಟನೆಯ ಶತಮಾನದ ಮಧ್ಯದ ಹೊತ್ತಿಗೆ ಫ್ರಾನ್ಸಿನ ಹೆಂಗಸರು ತಮಟೆಯಂತೆ ಬಿಗಿದ ಬಟ್ಟೆಯ ಮೇಲೆ ಇದೇ ಬಗೆಯ ಕೊಕ್ಕೆ ಕೆಲಸ ಮಾಡತೊಡಗಿದ್ದರು. ತಮಟೆಯ ಹೆಸರಿನಲ್ಲೇ ಅದನ್ನು 'ತಂಬೂರ್' ಎಂದು ಕರೆದರು. ಯಾರೋ ಒಂದು ದಿನ ಬಟ್ಟೆಯನ್ನೇ ಬಿಟ್ಟು ಗಾಳಿಯಲ್ಲೇ ಸರಪಳಿ ಹೆಣೆದರು, ಅದೇ ಕ್ರೋಶಾ ಆಯಿತು ಎನ್ನುವುದು ಈ ವಾದ. ಸ್ಕಾಟ್ಲೆಂಡಿನ ಕುರಿಗಾಹಿಗಳು ಕೊಕ್ಕೆಯಲ್ಲಿ ಹೆಣೆಯುತ್ತಿದ್ದ ಉಣ್ಣೆಯ ಬಟ್ಟೆಯಿಂದ ಬಂತು ಎನ್ನುವವರೂ ಇದ್ದಾರೆ. ಎರಡೂ ಹಳ್ಳಗಳು ಸೇರಿ ಒಂದು ಹೊಳೆಯಾಗಿರಬಹುದು.

ಆಲೂಗಡ್ಡೆ ಕೊಳೆತ ವರ್ಷಗಳು

ಕ್ರೋಶಾದ ಹೂವಿಗೆ ಹೆಸರು ಬಂದದ್ದು ಐರ್ಲೆಂಡಿನಲ್ಲಿ. 1845ರಲ್ಲಿ ಅಲ್ಲಿನ ಆಲೂಗಡ್ಡೆ ಹೊಲಗಳಿಗೆ ಅಂಗಮಾರಿ ರೋಗ ಬಿತ್ತು. ಮರುವರ್ಷ ಬೆಳೆ ಹೆಚ್ಚುಕಡಿಮೆ ಪೂರ್ತಿಯಾಗಿ ಕೊಳೆಯಿತು. ಬಡ ಗೇಣಿದಾರರಿಗೆ ಆಲೂಗಡ್ಡೆ ಪಲ್ಯವಲ್ಲ, ನಮಗೆ ರಾಗಿ ಜೋಳ ಇದ್ದಂತೆ ಹೊಟ್ಟೆಯ ಆಧಾರ. ಅದೇ ಹೊತ್ತಿನಲ್ಲಿ ಐರ್ಲೆಂಡಿನಿಂದ ಧಾನ್ಯ, ದನಕರುಗಳು ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಸುಮಾರು 10 ಲಕ್ಷ ಜನ ಹಸಿವು, ಜ್ವರಗಳಿಗೆ ಸತ್ತರು; ಅಷ್ಟೇ ಜನ ಊರು ಬಿಟ್ಟರು. 1841ರ ಜನಗಣತಿಯಲ್ಲಿ 80 ಲಕ್ಷ ದಾಟಿದ್ದ ಜನಸಂಖ್ಯೆ 1851ಕ್ಕೆ 65 ಲಕ್ಷದ ಆಸುಪಾಸಿಗೆ ಇಳಿದಿತ್ತು.

ಗಂಡಸರಿಗೆ ಸರ್ಕಾರ ರಸ್ತೆ ಕೆಲಸ ಕೊಟ್ಟಿತು. ಹೆಂಗಸರ ಕೈಗೆ ಕೊಕ್ಕೆ ಕೊಟ್ಟವರು ಕ್ರೈಸ್ತ ಸನ್ಯಾಸಿನಿಯರು ಮತ್ತು ಪಾದ್ರಿಗಳ, ಜಮೀನುದಾರರ ಮನೆಯ ಹೆಂಗಸರು. ದಕ್ಷಿಣದ ಕಾರ್ಕ್ ಪಟ್ಟಣದ ಬಳಿಯ ಬ್ಲ್ಯಾಕ್‌ರಾಕ್‌ನಲ್ಲಿದ್ದ ಅರ್ಸುಲಿನ್ ಮಠದ ಸನ್ಯಾಸಿನಿಯರು ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ಉತ್ತರದ ಮೊನಹನ್ ಜಿಲ್ಲೆಯ ಕ್ಲೋನ್ಸ್ ಎಂಬ ಊರಿನಲ್ಲಿ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್ 1847ರಲ್ಲಿ ಕಿಲ್ಡೇರ್ ಜಿಲ್ಲೆಯಿಂದ ಕಲಿಸುವವರನ್ನು ಕರೆಸಿ ಕೆಲಸ ಶುರುಮಾಡಿಸಿದರು. ಅಲ್ಲಿನ ಹೆಣಿಗೆಯಲ್ಲಿ ಬರುವ ಗುಂಡುಗಂಟು ಇವತ್ತಿಗೂ 'ಕ್ಲೋನ್ಸ್ ಗಂಟು' ಎಂದೇ ಪ್ರಸಿದ್ಧ.

ಯಾಕೆ ಕ್ರೋಶಾವೇ? ಆಗ ಯುರೋಪಿನ ಶ್ರೀಮಂತರು ಬೆಲೆ ಕೊಡುತ್ತಿದ್ದುದು ವೆನಿಸ್ಸಿನ ಸೂಜಿ ಲೇಸಿಗೆ. ಉಬ್ಬು ಹೂಬಳ್ಳಿಗಳ ಆ ಲೇಸನ್ನು ಬರಿಯ ಸೂಜಿಯಲ್ಲಿ ಕಟ್ಟಲು ತಿಂಗಳುಗಟ್ಟಲೆ ಬೇಕು, ಕಲಿಯಲು ವರ್ಷಗಳು. ಅದನ್ನೇ ಕೊಕ್ಕೆಯಲ್ಲಿ ಅನುಕರಿಸಿದರೆ ಬೇಗ ಮುಗಿಯುತ್ತದೆ, ನೋಟವೂ ಹತ್ತಿರ ಬರುತ್ತದೆ. ಹಣಿಗೆ, ದಿಂಬು, ಚೌಕಟ್ಟು ಯಾವುದೂ ಬೇಡ. ಗಟ್ಟಿ ತಂತಿಯ ತುದಿಯನ್ನು ಬಗ್ಗಿಸಿ, ಅರದಿಂದ ಉಜ್ಜಿ, ಮರದ ತುಂಡಿಗೆ ಸಿಕ್ಕಿಸಿದರೆ ಕಡ್ಡಿ ಸಿದ್ಧ. ಒಂದು ಉಂಡೆ ಹತ್ತಿಯ ನೂಲು ಸಾಕು. ಮಗು ಅತ್ತರೆ ಕೆಳಗಿಟ್ಟು ಎದ್ದು ಹೋಗಬಹುದು, ಬಂದು ಬಿಟ್ಟಲ್ಲಿಂದಲೇ ಹಿಡಿಯಬಹುದು. ಈ ಕೊನೆಯ ಗುಣ ಕ್ರೋಶಾದ ದೊಡ್ಡ ಅನುಕೂಲ. ಅದನ್ನು ಮಾಡುವವಳ ದುಡಿಮೆ ಯಾರ ಕಣ್ಣಿಗೂ ಬೀಳದಂತೆ ಆದದ್ದೂ ಇದೇ ಗುಣದಿಂದ.

ಈ ಅನುಕರಣೆಯ ಮಾದರಿಗಳನ್ನು ಅಚ್ಚಿಗೆ ತಂದು ಹೆಸರಾದವಳು ಎಲಿಯನೋರ್ ರಿಯೇಗೋ ದ ಲಾ ಬ್ರಾಂಶಾರ್ದಿಯೇರ್. ತಾಯಿಯ ಕಡೆಯಿಂದ ಐರಿಷ್, ಇದ್ದದ್ದು ಲಂಡನ್ನಿನಲ್ಲಿ. 1840ರ ದಶಕದಿಂದ ಎಪ್ಪತ್ತಕ್ಕೂ ಹೆಚ್ಚು ಮಾದರಿ ಪುಸ್ತಕಗಳನ್ನು ತಂದಳು, 'ದಿ ನೀಡಲ್' ಎಂಬ ಪತ್ರಿಕೆ ನಡೆಸಿದಳು. ಐರಿಷ್ ಕ್ರೋಶಾವನ್ನು ಕಂಡುಹಿಡಿದವಳು ಅವಳೇ ಎಂದು ಬಹಳ ಕಡೆ ಬರೆದಿರುತ್ತಾರೆ. ಅವಳ ಪಾಲು ದೊಡ್ಡದು, ಅನುಮಾನವಿಲ್ಲ. ಆದರೆ ಕ್ಲೋನ್ಸ್, ಕಾರ್ಕ್‌ಗಳ ಗುಡಿಸಲುಗಳಲ್ಲಿ ಹುಟ್ಟಿದ ಹೂಗಳು ಪುಸ್ತಕದಿಂದ ಬಂದವಲ್ಲ. ಅಕ್ಷರ ಬಾರದ ಹೆಂಗಸರು ಬೇಲಿಯ ಮೇಲಿನ ಕಾಡುಗುಲಾಬಿ, ಫ್ಯೂಷಿಯಾ, ಜರಿಗಿಡ, ಮೂರೆಲೆಯ ಶಾಮ್‌ರಾಕ್ ನೋಡಿ ನೂಲಿನಲ್ಲಿ ಮೂಡಿಸಿದರು. ಒಂದೊಂದು ಮನೆತನಕ್ಕೂ ತನ್ನದೇ ಹೂವಿತ್ತು, ನೆರೆಯವರು ಬಂದರೆ ಕೆಲಸವನ್ನು ಮರೆಮಾಡುತ್ತಿದ್ದರು ಎಂಬ ಮಾತು ಅಲ್ಲಿ ಈಗಲೂ ಇದೆ. ನಮ್ಮಲ್ಲಿ ಕೈಮದ್ದು ಹೇಳದೆ ಬಚ್ಚಿಡುತ್ತಿದ್ದರಲ್ಲ, ಹಾಗೆ. ಹಸಿದ ಮನೆಗೆ ಒಂದು ಹೊಸ ಹೂವಿನ ವಿನ್ಯಾಸ ಆಸ್ತಿಯೇ. ಆದರೆ ಆ ಆಸ್ತಿಗೆ ಯಾವ ಪುಸ್ತಕದಲ್ಲೂ ಒಡತಿಯ ಹೆಸರು ದಾಖಲಾಗಲಿಲ್ಲ.

ಗುಲಾಬಿ ಅರಳುವ ಬಗೆ

ಹೂವನ್ನು ಹೇಗೆ ಮಾಡುತ್ತಾರೆ ಎಂಬುದನ್ನು ಸ್ವಲ್ಪ ನೋಡೋಣ. ಮುಂದಿನ ಕಥೆಗೆ ಅದು ಬೇಕು.

ಐರಿಷ್ ಗುಲಾಬಿ ಒಂದು ಪುಟ್ಟ ಉಂಗುರದಿಂದ ಶುರುವಾಗುತ್ತದೆ. ಕೆಲವು ಸರಪಳಿ ಕುಣಿಕೆ ಹಾಕಿ ತುದಿ ಸೇರಿಸಿದರೆ ಉಂಗುರ. ಅದರ ಸುತ್ತ ಆರು ಪುಟ್ಟ ಕಮಾನು. ಪ್ರತಿ ಕಮಾನಿನ ಒಳಗೆ ಮೊದಲು ಗಿಡ್ಡ ಹೆಣಿಗೆ, ನಡುವೆ ಉದ್ದನೆಯವು, ಕೊನೆಗೆ ಮತ್ತೆ ಗಿಡ್ಡ: ಒಂದು ಎಸಳು ಉಬ್ಬಿ ನಿಲ್ಲುತ್ತದೆ. ಆರು ಎಸಳಾದ ಮೇಲೆ ಕೊಕ್ಕೆಯನ್ನು ಹೂವಿನ ಬೆನ್ನಿಗೆ ಒಯ್ದು, ಅಲ್ಲಿ ಮೊದಲಿಗಿಂತ ಅಗಲವಾದ ಕಮಾನು ಕಟ್ಟಿ, ಅದರ ಮೇಲೆ ಮೊದಲಿಗಿಂತ ದೊಡ್ಡ ಎಸಳು. ಹೀಗೆ ಮೂರು ಪದರ. ಹಿಂದಿನ ಪದರ ಮುಂದಿನದನ್ನು ಎತ್ತಿ ಹಿಡಿಯುವುದರಿಂದ ಹೂವು ಚಪ್ಪಟೆಯಾಗದೆ ಅರಳಿದಂತೆ ಕಾಣುತ್ತದೆ. ಇನ್ನಷ್ಟು ಉಬ್ಬು ಬೇಕಾದರೆ ದಪ್ಪ ದಾರವೊಂದನ್ನು ಒಳಗಿಟ್ಟು ಅದರ ಮೇಲೆ ಹೆಣೆಯುತ್ತಾರೆ.

ಹೂ, ಎಲೆ, ಕಾಂಡ ಎಲ್ಲವನ್ನೂ ಹೀಗೆ ಬಿಡಿಬಿಡಿಯಾಗಿ ಮಾಡಿಕೊಂಡು, ಬಟ್ಟೆಯ ಮೇಲೆ ಬರೆದ ಆಕಾರಕ್ಕೆ ತಕ್ಕಂತೆ ಬೋರಲಾಗಿ ಇಟ್ಟು, ಟಾಕುಹಾಕಿ ಕೂರಿಸುತ್ತಾರೆ. ನಡುವಿನ ಜಾಗವನ್ನು ಸಣ್ಣ ಗಂಟುಗಳ ಬಲೆಯಿಂದ ತುಂಬುತ್ತಾರೆ. ಕೊನೆಗೆ ಬಟ್ಟೆಯ ಟಾಕು ಬಿಚ್ಚಿದರೆ ಲೇಸು ಕೈಗೆ ಬರುತ್ತದೆ. ಕೊರಳಪಟ್ಟಿಯಾಗಲಿ, ತಲೆಗೆ ಕಟ್ಟುವ ಪಟ್ಟಿಯಾಗಲಿ, ಇಡೀ ನಿಲುವಂಗಿಯೇ ಆಗಲಿ, ದಾರಿ ಇದೇ. ನಾಮಕರಣದ ಕೂಸಿನ ತಲೆಪಟ್ಟಿ ಇದರ ಸರಳ ರೂಪ: ಮೊದಲು ತೆಳುವಾದ ಬಲೆಪಟ್ಟಿ, ಆಮೇಲೆ ಅದಕ್ಕೆ ಹೊಂದುವ ನೂಲಿನಲ್ಲೇ ಬಿಡಿಹೂ, ಕೊನೆಗೆ ಜೋಡಣೆ.

ಬಿಡಿಹೂವಿನ ಈ ಕ್ರಮದಲ್ಲಿ ಒಂದು ಆರ್ಥಿಕ ಸತ್ಯವೂ ಅಡಗಿದೆ. ಒಬ್ಬಳು ಬರೀ ಗುಲಾಬಿ ಮಾಡಬಹುದು, ಇನ್ನೊಬ್ಬಳು ಬರೀ ಎಲೆ, ಮೂರನೆಯವಳು ಬರೀ ಜೋಡಿಸಬಹುದು. ಕಾರ್ಖಾನೆಯ ಶ್ರಮವಿಭಜನೆ ಕಾರ್ಖಾನೆಯೇ ಇಲ್ಲದೆ ನಡೆಯುತ್ತದೆ. ಎಲ್ಲವನ್ನೂ ಒಟ್ಟುಗೂಡಿಸಿ ಮಾರುವವನೊಬ್ಬನಿಗೆ ಮಾತ್ರ ಪೂರ್ತಿ ಬೆಲೆ ಗೊತ್ತಿರುತ್ತದೆ.

ಐರ್ಲೆಂಡಿನಲ್ಲಿ ಈ ದುಡ್ಡು ಮನೆಗಳನ್ನು ಉಳಿಸಿತು. ಹಲವರಿಗೆ ಅಮೆರಿಕದ ಹಡಗಿನ ಟಿಕೆಟ್ಟೂ ಆಯಿತು. 1893ರ ಶಿಕಾಗೋ ಪ್ರದರ್ಶನದಲ್ಲಿ, ನಮಗೆ ವಿವೇಕಾನಂದರಿಂದ ನೆನಪಿರುವ ಅದೇ ಶಿಕಾಗೋ ವರ್ಷದಲ್ಲಿ, ಐರಿಷ್ ಹಳ್ಳಿಯ ಮಾದರಿಯನ್ನೇ ಕಟ್ಟಿ ಅಲ್ಲಿನ ಕೈಕೆಲಸವನ್ನು ತೋರಿಸಿದರು. ಆದರೆ ಅಷ್ಟು ಹೊತ್ತಿಗೆ ಸ್ವಿಟ್ಜರ್ಲೆಂಡ್, ಜರ್ಮನಿಗಳ ಕಸೂತಿ ಯಂತ್ರಗಳು ಇದನ್ನೇ ಹೋಲುವ ಲೇಸನ್ನು ರಾಶಿಗಟ್ಟಲೆ ತಯಾರಿಸತೊಡಗಿದ್ದವು. ಯಂತ್ರ ಮಾಡುತ್ತಿದ್ದುದು ಕ್ರೋಶಾ ಅಲ್ಲ. ಕರಗುವ ಬಟ್ಟೆಯ ಮೇಲೆ ಕಸೂತಿ ಹಾಕಿ, ಬಟ್ಟೆಯನ್ನು ರಾಸಾಯನಿಕದಲ್ಲಿ ಕರಗಿಸಿ ಉಳಿಸಿಕೊಂಡ ದಾರದ ಜಾಲ. ದೂರದಿಂದ ವ್ಯತ್ಯಾಸ ತಿಳಿಯದು. ಮೊದಲ ಮಹಾಯುದ್ಧದ ನಂತರ ಐರಿಷ್ ಲೇಸಿನ ಮಾರುಕಟ್ಟೆ ಕುಸಿಯಿತು.

ಗೋದಾವರಿಯ ದಡಕ್ಕೆ

ಬಡ ಹೆಂಗಸರ ಕೈಗೆ ಲೇಸು ಕೊಡುವ ಉಪಾಯ ಮಿಶನರಿಗಳ ಜೊತೆ ಭಾರತಕ್ಕೂ ಬಂತು. 1820ರ ಸುಮಾರಿಗೇ ನಾಗರಕೋವಿಲಿನಲ್ಲಿ ಮಾರ್ತಾ ಮಾಲ್ಟ್ ಎಂಬ ಮಿಶನರಿ ಹೆಂಗಸು ಹುಡುಗಿಯರ ಶಾಲೆಯಲ್ಲಿ ಲೇಸು ಕಲಿಸತೊಡಗಿದ್ದಳು. ಅದು ದಿಂಬಿನ ಮೇಲೆ ಉರುಳೆಗಳಿಂದ ಹೆಣೆಯುವ ಬೇರೆ ಬಗೆಯದು. ಕೊಕ್ಕೆಯ ಲೇಸು ಬೇರೂರಿದ್ದು ಗೋದಾವರಿ ಮುಖಜಭೂಮಿಯಲ್ಲಿ. ಸ್ಕಾಟ್ಲೆಂಡಿನ ಮಕ್ರೇ ಎಂಬ ಮಿಶನರಿ ದಂಪತಿ ಭದ್ರಾಚಲದ ಬಳಿಯ ದುಮ್ಮುಗೂಡೆಂನಲ್ಲಿ 1844ರಲ್ಲಿ ಕಲಿಸಿದರು ಎಂದು ಅಲ್ಲಿನವರು ತಮ್ಮ ಕಸುಬಿನ ಕಥೆ ಹೇಳುತ್ತಾರೆ. ಅಲ್ಲಿಂದ ಅದು ನದಿಯ ಕೆಳಗಣ ನರಸಾಪುರ, ಪಾಲಕೊಲ್ಲುಗಳ ಕಡೆ ಹಬ್ಬಿತು. ನರಸಾಪುರದಲ್ಲಿ 1830ರ ದಶಕದಿಂದಲೇ ಇಂಗ್ಲೆಂಡಿನ ಮಿಶನರಿಗಳು ನೆಲೆಸಿದ್ದರು.

ಆ ಕಾಲದ ಗೋದಾವರಿ ಸೀಮೆಯನ್ನು ನೆನಪಿಸಿಕೊಳ್ಳಿ. 1832-33ರ ಬರ ಆಂಧ್ರ ತೀರದ ಊರುಗಳನ್ನು ಬರಿದುಮಾಡಿತ್ತು. ಜನ ಅದನ್ನು 'ಡೊಕ್ಕಲ ಕರುವು' ಎಂದು ಕರೆದರು. ಆಮೇಲೆ ಆರ್ಥರ್ ಕಾಟನ್ ಧವಳೇಶ್ವರದ ಅಣೆಕಟ್ಟು ಕಟ್ಟಿದ. ಕೆಲಸ ನಡೆದದ್ದು 1847ರಿಂದ 1852ರವರೆಗೆ. ಐರ್ಲೆಂಡ್ ಹಸಿವಿನಿಂದ ಸಾಯುತ್ತಿದ್ದ ಅದೇ ವರ್ಷಗಳು. ಒಂದೇ ಸಾಮ್ರಾಜ್ಯದ ಎರಡು ಅಂಚಿನಲ್ಲಿ, ಒಂದೇ ಬಗೆಯ ಬಡತನಕ್ಕೆ, ಒಂದೇ ಕೊಕ್ಕೆಯ ಮದ್ದು.

ಮೊದಲು ಕಲಿತವರು ಹೊಸದಾಗಿ ಕ್ರೈಸ್ತರಾದ, ದಲಿತ ಸಮುದಾಯಗಳ ಹೆಂಗಸರು. ಕಾಲ ಸರಿದಂತೆ ಕಾಪು ಜಾತಿಯ ರೈತಾಪಿ ಮನೆಗಳಿಗೂ ಕೊಕ್ಕೆ ಹೋಯಿತು. ವ್ಯಾಪಾರ ಮಿಶನರಿಗಳ ಕೈಯಿಂದ ಊರಿನ ವರ್ತಕರ ಕೈಗೆ ಬಂತು. ಸ್ವಾತಂತ್ರ್ಯದ ನಂತರ, ಅದರಲ್ಲೂ 1970ರ ದಶಕದಲ್ಲಿ ರಫ್ತು ಜೋರಾಯಿತು. ಯುರೋಪ್, ಅಮೆರಿಕ, ಆಸ್ಟ್ರೇಲಿಯಾದ ಮೇಜುಗಳಿಗೆ, ಹಾಸಿಗೆಗಳಿಗೆ ನರಸಾಪುರದ ಲೇಸು ಹೊರಟಿತು. ಪಶ್ಚಿಮದ ಯುವಜನ ಆಗ ಹೂವಿನ ಹುಚ್ಚಿನಲ್ಲಿದ್ದರು. ಕ್ರೋಶಾದ ಮೇಲಂಗಿ, ಟೊಪ್ಪಿ, ತಲೆಪಟ್ಟಿಗಳು ಅವರ ಫ್ಯಾಷನ್ನು.

ಮಾರಿಯಾ ಮೀಸ್ ಕೇಳಿದ್ದು

ಆ ಹೊತ್ತಿಗೆ ನರಸಾಪುರಕ್ಕೆ ಬಂದವಳು ಮಾರಿಯಾ ಮೀಸ್. 1931ರಲ್ಲಿ ಹುಟ್ಟಿದ ಜರ್ಮನ್ ಸಮಾಜಶಾಸ್ತ್ರಜ್ಞೆ. ಪುಣೆಯ ಓದುಗರಿಗೆ ಹೇಳಬೇಕು: 1960ರ ದಶಕದಲ್ಲಿ ಅವಳು ನಿಮ್ಮೂರಲ್ಲೇ ಜರ್ಮನ್ ಭಾಷೆ ಕಲಿಸಿಕೊಂಡು ಇದ್ದವಳು. 'ದಿ ಲೇಸ್ ಮೇಕರ್ಸ್ ಆಫ್ ನರಸಾಪುರ್' ಎಂಬ ಅವಳ ಪುಸ್ತಕ 1982ರಲ್ಲಿ ಬಂತು. ಇಂದಿಗೂ ಮನೆಯಲ್ಲಿ ಕೂತು ಮಾಡುವ ದುಡಿಮೆಯ ಬಗ್ಗೆ ಬರೆಯುವವರು ಮೊದಲು ತೆರೆಯುವ ಪುಸ್ತಕಗಳಲ್ಲಿ ಅದೂ ಒಂದು.

ಮೀಸ್ ಕಂಡದ್ದು ಹೀಗೆ. ಲಕ್ಷಕ್ಕೂ ಹೆಚ್ಚು ಹೆಂಗಸರು ಲೇಸು ಹೆಣೆಯುತ್ತಿದ್ದಾರೆ. ದಿನಕ್ಕೆ 6ರಿಂದ 8 ಗಂಟೆ ಕೊಕ್ಕೆ ಹಿಡಿಯುತ್ತಾರೆ. ಅದರ ಮೇಲೆ ಅಡುಗೆ, ನೀರು, ದನಕರು, ಮಕ್ಕಳು. ಕೈಗೆ ಬರುವುದು ದಿನಕ್ಕೆ ಒಂದು ರೂಪಾಯಿಗೂ ಕಡಿಮೆ, ಸರ್ಕಾರ ಹೆಂಗಸರಿಗೆ ನಿಗದಿ ಮಾಡಿದ್ದ ಕನಿಷ್ಠ ಕೂಲಿಯ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ರಾಜ್ಯದ ಕರಕುಶಲ ರಫ್ತಿನ ಬಹುಪಾಲು ಇವರ ಬೆರಳುಗಳಿಂದ ಬರುತ್ತಿತ್ತು. ಆದರೂ ಸರ್ಕಾರಿ ಲೆಕ್ಕದ ಪುಸ್ತಕಗಳಲ್ಲಿ ಈ ಹೆಂಗಸರು ಹೆಚ್ಚಾಗಿ ಕೆಲಸಗಾರರೆಂದೇ ಕಾಣಿಸಿಕೊಳ್ಳುತ್ತಿರಲಿಲ್ಲ. ಅವರು ಗೃಹಿಣಿಯರು, ಹೆಣೆಯುವುದು ಅವರ ಬಿಡುವಿನ ಕೆಲಸ.

ಕೆಲಸವನ್ನು ತುಂಡು ತುಂಡು ಮಾಡಿದ್ದರು. ಕೆಲವರು ಹೂವು ಮಾತ್ರ ಮಾಡುವವರು, ಕೆಲವರು ಜೋಡಿಸುವವರು. ಜೋಡಣೆಗೆ ಅಲ್ಲಿ 'ಅತುಕುಪನಿ' ಎನ್ನುತ್ತಾರೆ, ಅಂಟಿಸುವ ಕೆಲಸ ಎಂದು. ನೂಲು ತಂದುಕೊಡುವ, ಮಾಲು ಒಯ್ಯುವ ದಲ್ಲಾಳಿ, ಅವನ ಮೇಲೆ ವರ್ತಕ, ಅವನ ಮೇಲೆ ರಫ್ತುದಾರ. ಮೇಲೇರಿದಂತೆ ಗಂಡಸರೇ. ಹೂವು ಮಾಡುವವಳಿಗೆ ತನ್ನ ಹೂವು ಯಾವ ದೇಶದ ಯಾವ ಬಟ್ಟೆಯ ಮೇಲೆ ಕೂರುತ್ತದೆ ಎಂದು ಗೊತ್ತಿಲ್ಲ. ಎಷ್ಟಕ್ಕೆ ಮಾರುತ್ತದೆ ಎಂಬುದಂತೂ ದೂರದ ಮಾತು.

ಮೀಸ್ ಗಮನಿಸಿದ ಇನ್ನೊಂದು ಸಂಗತಿ ಹೆಚ್ಚು ನೋಯಿಸುವಂಥದು. ಕಾಪು ಹೆಂಗಸರಿಗೆ ತಾವು ಹೊಲದ ಕೂಲಿಗೆ ಹೋಗುವವರಲ್ಲ, ಮನೆಯೊಳಗೆ ಕೂರುವ ಗೋಷಾ ಹೆಂಗಸರು ಎಂಬ ಹೆಮ್ಮೆ ಇತ್ತು. ಅದೇ ಹಳ್ಳಿಯ ದಲಿತ ಹೆಂಗಸರು ಬಿಸಿಲಲ್ಲಿ ನಾಟಿ ಮಾಡಿ ಲೇಸಿನವರಿಗಿಂತ ಹೆಚ್ಚು ಕೂಲಿ ತರುತ್ತಿದ್ದರು. ಆದರೂ ಮರ್ಯಾದೆ ಇದ್ದುದು ನೆರಳಿನಲ್ಲಿ ಕೂತವರಿಗೆ. ಆ ಮರ್ಯಾದೆಯನ್ನು ಕಾಪಾಡಿಕೊಳ್ಳಲು ಅವರು ಕಡಿಮೆ ದುಡ್ಡಿಗೆ ಒಪ್ಪಿಕೊಂಡರು, ಮತ್ತು ತಾವು ಮಾಡುವುದು ಕೆಲಸವೇ ಅಲ್ಲ ಎಂದು ತಾವೇ ಹೇಳಿಕೊಂಡರು. ಕೆಲಸ ಎಂದು ಒಪ್ಪಿಕೊಂಡರೆ ಕೂಲಿಯವಳಾಗುತ್ತೇನೆ ಎಂಬ ಅಳುಕು. ದುಡಿಯುವ ಹೆಂಗಸನ್ನು ಹೀಗೆ ಗೃಹಿಣಿಯಾಗಿ ಪರಿವರ್ತಿಸುವುದಕ್ಕೆ ಮೀಸ್ ಒಂದು ಪದವನ್ನೇ ಟಂಕಿಸಿದಳು. ಕನ್ನಡದಲ್ಲಿ 'ಗೃಹಿಣೀಕರಣ' ಎನ್ನಬಹುದು. ಗೃಹಿಣಿ ಎಂದು ಕರೆದ ಮೇಲೆ ಕನಿಷ್ಠ ಕೂಲಿ ಬೇಡ, ರಜೆ ಬೇಡ, ಸಂಘ ಬೇಡ. ಅವಳನ್ನು ಸಾಕುವವನು ಇದ್ದಾನಲ್ಲ, ಇದು ಕೈಖರ್ಚಿಗೆ ತಾನೇ ಎಂಬ ಮಾತು ಸಾಕು.

ನಾಮಕರಣದ ಮನೆಯಲ್ಲಿ ಕೇಳಿದ 'ಖಾಲಿ ಕೂತಿದ್ದಾಗ' ಎಂಬ ಮಾತಿನ ಬೇರು ಇಲ್ಲಿದೆ ಎಂದು ನನಗೆ ಅನಿಸಿತು. ವಿನಯದ ಮಾತು ಅದು, ನಿಜ. ಆದರೆ ಆ ವಿನಯದಿಂದ ಲಾಭವಾದದ್ದು ಹೇಳಿದವರಿಗಲ್ಲ.

ಯಂತ್ರಕ್ಕೆ ಬಾರದ ಕೆಲಸ

ಇವತ್ತಿಗೂ ನಿಜವಾದ ಕ್ರೋಶಾವನ್ನು ವ್ಯಾಪಾರದ ಮಟ್ಟದಲ್ಲಿ ತಯಾರಿಸುವ ಯಂತ್ರ ಬಂದಿಲ್ಲ. ಸ್ವೆಟರ್ ಯಂತ್ರದಿಂದ ಬರುತ್ತದೆ, ಕಸೂತಿ ಬರುತ್ತದೆ, ಕ್ರೋಶಾದಂತೆ ಕಾಣುವ ಲೇಸೂ ಬರುತ್ತದೆ. ಆದರೆ ಸುತ್ತಿ, ತಿರುಗಿ, ಬೆನ್ನಿಗೆ ಹೋಗಿ ಪದರ ಕಟ್ಟುವ ಆ ಒಂಟಿ ಕೊಕ್ಕೆಯ ಚಲನೆ ಕೈಗೇ ಉಳಿದಿದೆ. ಇದರ ಅರ್ಥ ಸರಳ. ಅಬಿಡ್ಸ್ ಫುಟ್‌ಪಾತಿನಲ್ಲೋ, ದಾದರಿನ ಗಲ್ಲಿಯಲ್ಲೋ, ಮಾಲಿನ ಹೊಳೆವ ಅಂಗಡಿಯಲ್ಲೋ ಕೊಕ್ಕೆಯಿಂದ ಹೆಣೆದ ಹೂವು ಕಂಡರೆ, ಅದು ಎಷ್ಟೇ ಅಗ್ಗವಾಗಿರಲಿ, ಅದನ್ನು ಒಬ್ಬರು ಕೂತು ಮಾಡಿದ್ದಾರೆ. ಅಗ್ಗವಾದಷ್ಟೂ ಅವರಿಗೆ ಸಿಕ್ಕಿದ್ದು ಕಡಿಮೆ.

ನರಸಾಪುರದಲ್ಲಿ ಬದಲಾವಣೆಗಳು ಬಂದಿವೆ. ಸೀತಾರಾಮಪುರಂನಲ್ಲಿ ಲೇಸ್ ವ್ಯಾಪಾರ ಕೇಂದ್ರ ಎದ್ದಿದೆ, ಹೆಂಗಸರ ಸಹಕಾರ ಸಂಘಗಳಾಗಿವೆ. 2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. ನಮ್ಮ ಮೈಸೂರು ರೇಷ್ಮೆ, ಇಳಕಲ್ ಸೀರೆ, ನವಲಗುಂದದ ಜಮಖಾನೆಗಳಿಗೆ ಇರುವಂಥದ್ದೇ ಗುರುತು. ಅದರಿಂದ ಊರಿನ ಹೆಸರಿಗೆ ರಕ್ಷಣೆ ಸಿಗುತ್ತದೆ. ಹೂವೊಂದಕ್ಕೆ ಎಷ್ಟು ಕೂಲಿ ಎಂಬುದನ್ನು ಆ ಗುರುತು ನಿರ್ಧರಿಸುವುದಿಲ್ಲ. ಅದಕ್ಕೆ ಬೇರೆ ಕಾನೂನು ಬೇಕು.

ಅಂಥ ಕಾನೂನು ಅಸಾಧ್ಯವೇನಲ್ಲ ಎಂಬುದಕ್ಕೆ ಉದಾಹರಣೆ ನಮ್ಮ ಕರಾವಳಿಯಲ್ಲೇ ಇದೆ. ಮಂಗಳೂರಿನ ಸುತ್ತಮುತ್ತ ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸರೂ ಬಿಡಿ ಲೆಕ್ಕದಲ್ಲಿ, ಮನೆಗೆಲಸದ ನಡುವೆಯೇ ದುಡಿಯುತ್ತಾರೆ. ಆದರೆ 1966ರ ಬೀಡಿ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿಕೊಂಡಿತು. 1976ರಲ್ಲಿ ಕಲ್ಯಾಣ ನಿಧಿ ಬಂತು. ಅವರಿಗೆ ಗುರುತಿನ ಚೀಟಿ, ಮಕ್ಕಳಿಗೆ ವಿದ್ಯಾರ್ಥಿವೇತನ, ಕೂಲಿ ಏರಿಸಲು ಕೇಳುವ ಸಂಘ ಸಿಕ್ಕವು. ಬೀಡಿ ಕಟ್ಟುವುದು ಆರೋಗ್ಯಕ್ಕೆ ಹಾನಿಕರವಾದ, ಕಷ್ಟದ ಕೆಲಸ, ಅದನ್ನು ಹೊಗಳುತ್ತಿಲ್ಲ. ಆದರೆ ಬೀಡಿಯನ್ನು ಯಾರೂ 'ಬಿಡುವಿನ ಹವ್ಯಾಸ' ಎಂದು ಕರೆಯಲಿಲ್ಲ ಎಂಬುದನ್ನು ಗಮನಿಸಿ. ಹೂವು ಚಂದ ಇರುವುದೇ ಅದಕ್ಕೆ ಮುಳುವಾಯಿತು. ಮನೆಯಲ್ಲಿ ದುಡಿಯುವವರಿಗಾಗಿಯೇ 1996ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಂದು ಒಡಂಬಡಿಕೆ ತಂದಿತು. ಭಾರತ ಅದಕ್ಕೆ ಇನ್ನೂ ಸಹಿ ಮಾಡಿಲ್ಲ.

ಕುಚ್ಚಿನ ಲೆಕ್ಕ

ಬೆಂಗಳೂರು, ಮೈಸೂರು, ದಾವಣಗೆರೆಗಳಲ್ಲಿ ಕ್ರೋಶಾ ಈಗ ಟೀವಿಯ ಮೇಲಿಂದ ಇಳಿದು ಸೀರೆಯ ಸೆರಗಿಗೆ ಬಂದಿದೆ. ಕ್ರೋಶಾ ಕುಚ್ಚು ಇಲ್ಲದ ರೇಷ್ಮೆ ಸೀರೆಯನ್ನು ಮದುವೆಯಲ್ಲಿ ಕಾಣುವುದೇ ಕಷ್ಟ. ರೇಷ್ಮೆ ದಾರದಲ್ಲಿ ಕಮಾನು, ಮಣಿ, ಪುಟ್ಟ ಹೂವು, ಕೊನೆಗೆ ಗೊಂಡೆ. ಅಂಗಡಿಯಲ್ಲಿ ಸೀರೆ ಕೊಟ್ಟು ವಾರ ಬಿಟ್ಟು ಇಸಿದುಕೊಳ್ಳುತ್ತೇವೆ. ಹಾಕುವವರು ಬಡಾವಣೆಯ ಹಿಂದಿನ ಬೀದಿಯ ಯಾವುದೋ ಮನೆಯ ಹೆಂಗಸರು. ನಾವು ಅಂಗಡಿಗೆ ಕೊಟ್ಟ ದುಡ್ಡಿನಲ್ಲಿ ಆ ಮನೆಗೆ ತಲುಪಿದ್ದೆಷ್ಟು ಎಂದು ನಾನೂ ಯಾವತ್ತೂ ಕೇಳಿದವಳಲ್ಲ.

ಈ ಲೇಖನಕ್ಕೆ ಓದುತ್ತಿದ್ದಾಗ ಒಂದು ರಾತ್ರಿ ಅಮ್ಮನಿಗೆ ಫೋನ್ ಮಾಡಿ, ಟೀವಿಯ ಆ ಹೊದಿಕೆಗೆ ಎಷ್ಟು ದಿನ ಹಿಡಿದಿತ್ತು ಎಂದು ಕೇಳಿದೆ. 'ಯಾರಿಗೆ ಗೊತ್ತೇ, ಸುಮ್ನೆ ಕೂತಾಗ ಹಾಕಿದ್ದು. ಅದ್ಕೆಲ್ಲ ಲೆಕ್ಕ ಇಡ್ತಾರಾ' ಎಂದು ನಕ್ಕಳು. ಮಾರನೆಯ ದಿನ ಬೆಳಗ್ಗೆ, ನಾನು ಆಫೀಸಿನ ಕ್ಯಾಬಿನಲ್ಲಿದ್ದಾಗ, ತಾನೇ ಫೋನ್ ಮಾಡಿದಳು.

'ನಿಂಗೆ ಅಮ್ಮ ಎದ್ದಿತ್ತಲ್ಲ ಮೂರನೇ ಕ್ಲಾಸಲ್ಲಿ, ಆವಾಗ ನಿನ್ನ ಪಕ್ಕ ಕೂತು ಶುರು ಮಾಡಿದ್ದು. ಮುಗಿದಿದ್ದು ದೀಪಾವಳಿಗೆ. ಮಧ್ಯಾಹ್ನ ಎರಡು ತಾಸು, ನೀವೆಲ್ಲ ಮಲಗಿದ ಮೇಲೆ ಒಂದು ತಾಸು. ನಲವತ್ತೆಂಟು ಹೂವು. ಒಂದು ಹೂವು ತಪ್ಪಾಗಿ ಬಿಚ್ಚಿ ಮತ್ತೆ ಹಾಕಿದ್ದೆ' ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಏಳು ತಿಂಗಳಾಯ್ತು ನೋಡು' ಎಂದು ಸೇರಿಸಿದಳು.